ಬಿಡುಗಡೆ ಟಿಪ್ಪಣಿಯಿಂದ ಅಳಿಸಿದ ಸಾಲು

ಲಕ್ರುವನ್ ಅಣ್ಣನಿಗೆ,

ನುಗೇಗೊಡದಿಂದ ದಿಲ್‌ರುಕ್ಷಿ ಬರೆಯುವುದು. ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಈಗ ನನ್ನಲ್ಲಿಲ್ಲ, ಕ್ಷಮಿಸಿ. ಎದುರಿಗೆ ಕೂತಾಗಲೆಲ್ಲ ನೀವು ಏನಾದರೂ ಹೇಳಿ ನಗಿಸಿ ಮಾತು ಮರೆಸಿಬಿಡುತ್ತೀರಿ. ಕಾಗದದ ನಡುವೆ ಬಾಯಿ ಹಾಕಲಾರಿರಿ.

ಜಾವಾ ಭಾಷೆಯಲ್ಲಿ ವೆಬ್ ತಂತ್ರಾಂಶ ಕಟ್ಟುವವರಿಗೆ ಆಧಾರವಾಗಲೆಂದು ನೀವು ಮಾಡಿದ ಚೌಕಟ್ಟಿಗೆ ನಮ್ಮ ಮೀನುಗಾರರ ದೋಣಿಯ ಹೆಸರನ್ನೇ ಇಟ್ಟಿರಿ, 'ಒರುವ' ಎಂದು. ಯಾರು ಬೇಕಾದರೂ ಬಿಟ್ಟಿ ಬಳಸಬಹುದು; ದುಡ್ಡು ಬರುವುದು ನಮ್ಮ ನೆರವನ್ನು ಕೊಳ್ಳುವ ದೊಡ್ಡ ಗಿರಾಕಿಗಳಿಂದ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಕೆಳಗಿನ ಬೇಕರಿಯ ಮೀನಿನ ಬನ್ನನ್ನು ಕೈಗಿಟ್ಟು, "ತಂಗೀ, ಕೋಡು ಬರೆಯೋರು ಬೇಕಾದಷ್ಟು ಸಿಕ್ತಾರೆ. ಏನು ಬದಲಾಯ್ತು ಅಂತ ಜನಕ್ಕೆ ತಿಳಿಯೋ ಹಾಗೆ ಬರೆಯೋರು ಸಿಗಲ್ಲ" ಎಂದಿರಿ. ಆ ಮಾತನ್ನು ನಂಬಿಯೇ ಇಷ್ಟು ವರ್ಷ ಪ್ರತಿ ಆವೃತ್ತಿಯ ಬಿಡುಗಡೆ ಟಿಪ್ಪಣಿ ಬರೆದೆ.

ಈ ಸಲದ ಆವೃತ್ತಿಯಲ್ಲಿ ಹುಡುಗರು ಗಡಿಯಾರದ ಲೆಕ್ಕವನ್ನೇ ಬದಲಿಸಿದರು. ಇಷ್ಟು ದಿನ ಬರೀ ಆರು ಗಂಟೆ ಎಂದು ಬರೆದಿಟ್ಟರೆ ನಮ್ಮೂರಿನ ಆರು ಗಂಟೆ ಎಂದು ಓದುತ್ತಿದ್ದ ಒರುವ, ಇನ್ನು ಮೇಲೆ ಅದನ್ನು ಲಂಡನ್ನಿನ ಗಡಿಯಾರದ ಆರು, ಅಂದರೆ ನಮ್ಮ ಹನ್ನೊಂದೂವರೆ, ಎಂದು ಓದುತ್ತದೆ. ಹಳೆಯ ದತ್ತಾಂಶವಿದ್ದವರು ಒಂದು ಸೆಟ್ಟಿಂಗ್ ಬದಲಿಸಿಕೊಳ್ಳಲೇಬೇಕು. ಅದನ್ನೇ ನಾನು ಎಚ್ಚರಿಕೆ ಎಂದು ಎಲ್ಲಕ್ಕಿಂತ ಮೇಲೆ ಬರೆದೆ. ನೀವು ಅಳಿಸಿದಿರಿ. ಜರ್ಮನಿಯ ದೊಡ್ಡ ಗಿರಾಕಿ ನೋಡುತ್ತಿದ್ದಾನೆ, ಮೊದಲ ಸಾಲಿಗೇ ಹೆದರಿಸಬಾರದು ಎಂದಿರಿ.

"ತಂಗೀ, ಇದು ಮದುವೆ ಕರೆಯೋಲೆ ಇದ್ದ ಹಾಗೆ. ಮಾವಂಗೆ ಮಂಡಿನೋವು ಅಂತ ಕರೆಯೋಲೇಲಿ ಹಾಕ್ತಾರೇನೇ?"

"ಮದುವೆಮನೆಗೆ ಹೋಗೋ ಸೇತುವೆ ಬಿದ್ದಿದ್ರೆ ಹಾಕ್ಬೇಕಲ್ವಾ ಅಣ್ಣಾ?"

ಕಚೇರಿಯವರೆಲ್ಲ ನಕ್ಕರು. ನೀವೂ ನಕ್ಕಿರಿ. ಆಮೇಲೆ ನನ್ನ ಎಚ್ಚರಿಕೆ ಇದ್ದ ಜಾಗದಲ್ಲಿ ನೀವೇ 'ಸಮಯ ನಿರ್ವಹಣೆಯಲ್ಲಿ ಸುಧಾರಣೆ' ಎಂದು ಬರೆದು ಬಿಡುಗಡೆ ಮಾಡಿದಿರಿ. ಸುಧಾರಣೆ! ಆ ಪದ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಅನುರಾಧಪುರದ ಆಚೆ ಒಂದು ಪುಟ್ಟ ಡಯಾಲಿಸಿಸ್ ಕೇಂದ್ರವಿದೆ. ರೋಗಿಗಳ ಸರದಿಯ ತಂತ್ರಾಂಶವನ್ನು ಮದುಷಿಕಾ ಎಂಬ ಹುಡುಗಿ ಒಬ್ಬಳೇ ಒರುವದ ಮೇಲೆ ಕಟ್ಟಿ ನೋಡಿಕೊಳ್ಳುತ್ತಾಳೆ. ಟಿಪ್ಪಣಿ ಓದಿ, ಹೆದರುವಂಥದ್ದೇನಿಲ್ಲವೆಂದು ಹೊಸ ಆವೃತ್ತಿ ಹಾಕಿದಳು. ಬೆಳಗಿನ ಆರರ ಸರದಿಯವರಿಗೆಲ್ಲ ಹನ್ನೊಂದೂವರೆಗೆ ಬನ್ನಿ ಎಂಬ ಸಂದೇಶ ಹೋಯಿತು. ಬೆಳಿಗ್ಗೆ ಯಂತ್ರಗಳು ಖಾಲಿ, ಮಧ್ಯಾಹ್ನ ಬಾಗಿಲಲ್ಲಿ ಜಾತ್ರೆ. ಕೆಲವರನ್ನು ಹಾಗೆಯೇ ವಾಪಸು ಕಳಿಸಿದರು. ಅವರಲ್ಲಿ ಪೊಡಿಮೆಣಿಕೆ ಎಂಬ ಮುದುಕಿಗೆ ಮರುದಿನ ಉಸಿರು ಕಟ್ಟಿತು.

"ಅಕ್ಕಾ, ಟಿಪ್ಪಣೀನ ಎರಡೆರಡು ಸಲ ಓದಿದೀನಿ ಅಕ್ಕಾ. ಎಲ್ಲೂ ಇರಲಿಲ್ಲ" ಎಂದು ಮದುಷಿಕಾ ಫೋನಿನಲ್ಲಿ ಅತ್ತಳು. ಟಿಪ್ಪಣಿಯ ಕೆಳಗೆ ಇದ್ದದ್ದು ನನ್ನ ಹೆಸರು, ಅಣ್ಣಾ.

ನಿಮಗೆ ಹೇಳದೆ ರೈಲು ಹತ್ತಿದೆ. ಪೊಡಿಮೆಣಿಕೆ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತಿದ್ದಳು, ಜೀವಕ್ಕೆ ಅಪಾಯವಿರಲಿಲ್ಲ. ನಾನು ಯಾರೆಂದು ಹೇಳುವ ಮೊದಲೇ, ಕೇಂದ್ರದವರು ವಿಚಾರಣೆಗೆ ಕಳಿಸಿದ್ದಾರೆಂದುಕೊಂಡು ನನ್ನ ಕೈ ಹಿಡಿದಳು. "ಮಗಳೇ, ನಾನು ತಡ ಮಾಡ್ಲಿಲ್ಲ. ಅವರು ಬೈದ್ರು, ಆದ್ರೆ ನಾನು ತಡ ಮಾಡ್ಲಿಲ್ಲ. ನನ್ನ ಸರದಿ ತೆಗೀಬೇಡಿ ಅಂತ ಹೇಳು."

ವಾಪಸು ಬಂದವಳೇ ಪ್ರಕಟವಾದ ಟಿಪ್ಪಣಿಯನ್ನು ತೆರೆದು ಎಚ್ಚರಿಕೆಯನ್ನು ಮತ್ತೆ ಮೇಲೇರಿಸಿದೆ. ಇದು ಮೊದಲೇ ಇರಬೇಕಿತ್ತು, ನಾವು ಬಿಟ್ಟೆವು ಎಂದೂ ಸೇರಿಸಿದೆ. ನೀವು ಅಂದೇ ಫೋನು ಮಾಡಿದಿರಿ.

"ಬಿಡುಗಡೆ ಆಗಿಹೋದದ್ದನ್ನ ತಿದ್ದೋದು ಅಂದ್ರೆ ತಪ್ಪು ಒಪ್ಕೊಂಡ ಹಾಗೆ ಕಣೇ."

"ಅದಕ್ಕೇ ಅಣ್ಣಾ ತಿದ್ದಿದ್ದು."

ನೀವು ಅದನ್ನೂ ಅಳಿಸಿ, ಪುಟ ತಿದ್ದುವ ನನ್ನ ಅಧಿಕಾರ ಕಿತ್ತುಕೊಂಡಿರಿ. ಆದರೆ ಅಷ್ಟರಲ್ಲಿ ಕಠ್ಮಂಡುವಿನ ಯಾರೋ ಓದಿಬಿಟ್ಟಿದ್ದರು. ನಿನ್ನೆ ಇದ್ದ ಎಚ್ಚರಿಕೆ ಇವತ್ತೆಲ್ಲಿ ಎಂದು ಬಳಕೆದಾರರ ವೇದಿಕೆಯಲ್ಲಿ ಕೇಳಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮೂರನೇ ದಿನ ನೀವೇ ಎಚ್ಚರಿಕೆ ಹಾಕಬೇಕಾಯಿತು. ಈಗ ಅದು ಮೇಲೆಯೇ ಇದೆ, ದಪ್ಪ ಅಕ್ಷರದಲ್ಲಿ. ನೋಡಿ ಸಮಾಧಾನವಾಗಬೇಕಿತ್ತು.

ಆಗಲಿಲ್ಲ. ಏಕೆಂದರೆ ಅದರ ಬಾಲಕ್ಕೆ ನೀವೊಂದು ಮಾತು ಅಂಟಿಸಿದ್ದೀರಿ: 'ಕೆಲವು ಬಳಕೆದಾರರು ಸರಿಯಾಗಿ ಪರಿಶೀಲಿಸದ ಕಾರಣ ತೊಂದರೆ ಉಂಟಾಗಿದೆ.' ಯಾವ ಬಳಕೆದಾರರು ಅಣ್ಣಾ? ಎರಡೆರಡು ಸಲ ಓದಿದ ಮದುಷಿಕಾಳೇ? ಆ ಪುಟವನ್ನು ಅವಳ ಮೇಲಧಿಕಾರಿ ಮುದ್ರಿಸಿ ಅವಳ ಮೇಜಿನ ಮೇಲಿಟ್ಟಿದ್ದಾರೆ. ಅವಳ ಕೆಲಸ ಹೋಗುತ್ತದೆ.

ರಾಜೀನಾಮೆ ನಿನ್ನೆಯೇ ಕೊಟ್ಟಿದ್ದೇನೆ; ಅದರ ಬಗ್ಗೆ ಮಾತಾಡಲು ನನ್ನನ್ನು ಕರೆಯಬೇಡಿ. ಅವಳ ಮೇಲಧಿಕಾರಿಗೆ ನಡೆದದ್ದನ್ನೆಲ್ಲ ಬರೆದಿದ್ದೇನೆ. ಆದರೆ ಕೆಲಸ ಬಿಟ್ಟವಳ ಮಾತಿಗೆ ಎಷ್ಟು ತೂಕ? ಒರುವ ಕಟ್ಟಿದವರ ಮಾತೇ ಬೇಕು. ಆ ಬಾಲವನ್ನು ಕಿತ್ತುಹಾಕಿ. ಅದರ ಜಾಗದಲ್ಲಿ 'ನಾವು ಹೇಳಲಿಲ್ಲ' ಎಂದು ಬರೆಯಿರಿ. ಎರಡೇ ಪದ. ಅದನ್ನು ಬರೆಯುವ ಅಧಿಕಾರ ಈಗ ನಿಮ್ಮೊಬ್ಬರಿಗೇ ಇದೆ.

ನಿಮ್ಮ ದೋಣಿ ಇನ್ನೂ ಬಹುಕಾಲ ತೇಲಲಿ, ಹತ್ತಿದವರೆಲ್ಲ ದಡ ಸೇರಲಿ.

ಇನ್ನೂ ನಿಮ್ಮನ್ನು ಅಣ್ಣ ಎಂದೇ ಕರೆಯುವ,
ದಿಲ್‌ರುಕ್ಷಿ