ಬೇಗ ಹೋಗಿ ಕಾಯಿರಿ ಎನ್ನುವ ಕರಾರು

ಹಡಗು ಬಾಡಿಗೆಯ ಮಾದರಿ ಕರಾರನ್ನು ರೂಪಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ತಮ್ಮ ಮಾದರಿ ಕರಾರಿನ ಎರಡನೆಯ ಕಲಮಿನಲ್ಲಿ ಒಂದು ಸಾಲಿದೆ: "ಹಡಗು ಸಾಧ್ಯವಿರುವಷ್ಟೂ ವೇಗದಿಂದ, ವಿಳಂಬವಿಲ್ಲದೆ, ಸರಕು ಇಳಿಸುವ ಬಂದರನ್ನು ತಲುಪತಕ್ಕದ್ದು." ಈ ಸಾಲು ನನ್ನ ಅಣ್ಣನ ಕೆಲಸ ಕಿತ್ತುಕೊಂಡಿತು. ಸಮುದ್ರದ ಮೇಲೆ ಬೇಡದ ಹೊಗೆಯನ್ನು ದಿನವೂ ಕಾರಿಸುತ್ತಿದೆ. ಅದನ್ನು ಬದಲಿಸಿ ಎಂದು ತಮಗೆ ಖಾಸಗಿಯಾಗಿ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ ಬಂತು. ಹಾಗಾಗಿ ಐದನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ದೊಡ್ಡವಳೇನಲ್ಲ. ಹಡಗುಗಳನ್ನು ಬಾಡಿಗೆಗೆ ಗೊತ್ತುಮಾಡಿಕೊಡುವ ದಲ್ಲಾಳಿ ಕಚೇರಿಯಲ್ಲಿ ಕರಾರು ಟೈಪ್ ಮಾಡುವವಳು, ಇಪ್ಪತ್ತಾರು ವರ್ಷದಿಂದ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ಮೊನ್ನೆ ಹತ್ತೊಂಬತ್ತು ನಿಂತಿದ್ದವು. ಎಲ್ಲವೂ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವು; ಬಂದು, ಜಾಗವಿಲ್ಲದೆ, ವಾರಗಟ್ಟಲೆ ಹೊಗೆ ಬಿಡುತ್ತಾ ನಿಂತವು. ಬೆಳಿಗ್ಗೆ ಒರೆಸಿದ ಕಿಟಕಿಯ ಸರಳು ಸಂಜೆಯೊಳಗೆ ಕರ್ರಗಾಗುತ್ತದೆ. ಡಾಕ್ಟರು ಹತ್ತಕ್ಕೆ ಬರುತ್ತಾರೆಂದು ಗೊತ್ತಿದ್ದೂ ಆರು ಗಂಟೆಗೇ ಬಾಗಿಲಲ್ಲಿ ಕೂರುತ್ತೇವಲ್ಲ, ಹಾಗೆಯೇ ಇದು. ಮೊದಲು ಬಂದವರಿಗೆ ಮೊದಲ ಸರದಿ, ನಿಧಾನವಾಗಿ ಬಂದವರು ಕರಾರು ಮುರಿದವರು. ವೇಗ ಸ್ವಲ್ಪ ಇಳಿಸಿದರೂ ಎಣ್ಣೆ ಬಹಳ ಉಳಿಯುತ್ತದೆಂದು ಎಂಜಿನ್ ಕೋಣೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಮ್ಮ ಸಮಿತಿಯಲ್ಲಿ ಎಂಜಿನ್ ಕೋಣೆಯವರು ಎಷ್ಟು ಜನರಿದ್ದಾರೆ, ಮಾನ್ಯರೇ?

ನನ್ನ ಅಣ್ಣ ಹಡಗಿನ ಕ್ಯಾಪ್ಟನ್ ಆಗಿದ್ದ. ಎಂಟು ವರ್ಷದ ಹಿಂದೆ ಗೋಧಿ ತುಂಬಿಕೊಂಡು ಹೊರಟಿದ್ದಾಗ, ಇನ್ನು ಹನ್ನೊಂದು ದಿನದ ದಾರಿ ಇದೆ ಎನ್ನುವಾಗ, ಬಂದರಿನಿಂದ ಸುದ್ದಿ ಬಂತು: ಹದಿನೇಳು ದಿನ ಜಾಗ ಸಿಗುವುದಿಲ್ಲ. ಹಡಗನ್ನು ಬಾಡಿಗೆಗೆ ಪಡೆದವರಿಗೆ ಅವನು ಮೂರು ಸಲ ಸಂದೇಶ ಕಳಿಸಿದ, ವೇಗ ಇಳಿಸಲು ಅನುಮತಿ ಕೊಡಿ ಎಂದು. ಯಾರೂ ಉತ್ತರಿಸಲಿಲ್ಲ. ಬರೆದುಕೊಟ್ಟವರ ತಲೆಗೆ ಜವಾಬ್ದಾರಿ ಬರುತ್ತದಲ್ಲ! ಕೊನೆಗೆ ಅವನೇ ವೇಗ ಇಳಿಸಿ, ಸರಿಯಾಗಿ ಹದಿನೇಳನೆಯ ದಿನ ಬೆಳಿಗ್ಗೆ ತಲುಪಿದ. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಹಡಗು ಅವನನ್ನು ದಾಟಿ ಹೋಗಿ ಲಂಗರು ಹಾಕಿ, ಸರದಿ ಹಿಡಿದಿತ್ತು. ಅಣ್ಣನ ಹಡಗು ಮತ್ತೆ ಒಂಬತ್ತು ದಿನ ಕಾಯಬೇಕಾಯಿತು.

ಆ ಒಂಬತ್ತು ದಿನದ ನಷ್ಟ ಯಾರ ತಲೆಗೆ ಎಂಬ ವಿವಾದ ಪಂಚಾಯ್ತಿದಾರರ ಮುಂದೆ ಹೋಯಿತು. "ಬಂದರಿನಲ್ಲಿ ಜಾಗವಿರಲಿಲ್ಲ ಎಂಬುದು ವೇಗ ಇಳಿಸಲು ಕಾರಣವಾಗದು" ಎಂದು ಅವರು ಬರೆದರು. ಕಾನೂನಿನ ಪ್ರಕಾರ ಅವರದು ತಪ್ಪಲ್ಲ. ಮುಂದಿದ್ದ ಕಾಗದ ಹೇಳಿದ್ದನ್ನೇ ಅವರೂ ಹೇಳಿದರು. ಹಡಗಿನ ಮಾಲೀಕರು ಅಣ್ಣನನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇದೇ ಮೊದಲಲ್ಲ, ಬಿಡಿ. ಆದರೆ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಅವನು ಆ ಕಡತ ಬಿಚ್ಚಿ ಕರಾರಿನ ಕೊನೆಯ ಪುಟದಲ್ಲಿ, ಟೈಪ್ ಮಾಡಿದವರು ಸಹಿ ಹಾಕುವ ಮೂಲೆಯ ಮೇಲೆ ಬೆರಳಿಟ್ಟ.

"ಇದು ನಿನ್ನ ಸಹಿ ಅಲ್ವೇನೇ?"

"ಹೂಂ ಅಣ್ಣ. ನಾನೇ ಟೈಪ್ ಮಾಡಿದ್ದು."

"ಒಂದು ಅಕ್ಷರ ತಪ್ಪಿಲ್ಲ ಕಣೇ. ಚೆನ್ನಾಗಿ ಮಾಡಿದೀಯ."

ತಮಾಷೆಗೇ ಅಂದ, ನನಗೆ ನೋವಾಗದಿರಲಿ ಎಂದು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ತಮಗೆ ಪರಿಹಾರ ಗೊತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ಆರು ವರ್ಷದ ಹಿಂದೆ ತಾವೇ ಒಂದು ಒಳ್ಳೆಯ ಕಲಮು ಬರೆದಿರಿ. ಬಂದರಿನಲ್ಲಿ ಜಾಗವಿಲ್ಲದಿದ್ದರೆ ಹಡಗು ನಿಧಾನವಾಗಿ ಬರಬಹುದು. ಪೂರ್ತಿ ವೇಗದಲ್ಲಿ ಬಂದಿದ್ದರೆ ಯಾವತ್ತು ತಲುಪುತ್ತಿತ್ತೋ ಅವತ್ತಿನಿಂದಲೇ ಅದರ ಸರದಿ. ಉಳಿದ ಎಣ್ಣೆಯ ಲಾಭ ಹಡಗಿನ ಮಾಲೀಕರು, ಬಾಡಿಗೆಗೆ ಪಡೆದವರು ಇಬ್ಬರಿಗೂ. ನಿಧಾನಿಸಿದ್ದನ್ನು ಕರಾರು ಮುರಿದಂತೆ ಎಣಿಸಕೂಡದು, ಸರಕಿನ ಒಡೆಯರೂ ಹಾಗೆಣಿಸಕೂಡದು. ಓದಿ ಕಣ್ಣು ತುಂಬಿ ಬಂತು. ಆಮೇಲೆ ಅದನ್ನು ಎಲ್ಲಿ ಇಟ್ಟಿದ್ದೀರೆಂದು ನೋಡಿದೆ. ಅನುಬಂಧದಲ್ಲಿ, "ಉಭಯ ಪಕ್ಷಗಳಿಗೂ ಇಚ್ಛೆಯಿದ್ದಲ್ಲಿ" ಎಂಬ ತಲೆಬರಹದ ಕೆಳಗೆ! ಈ ಆರು ವರ್ಷದಲ್ಲಿ ಆ ಪುಟವನ್ನು ಸೇರಿಸಿ ಎಂದು ನನ್ನನ್ನು ಕೇಳಿದವರು ಇಬ್ಬರು. ಅವರಲ್ಲೊಬ್ಬರು ಸಂಜೆ ಫೋನ್ ಮಾಡಿ ತೆಗೆಸಿದರು.

ನಾವು ಮಾಡುವ ಎಲ್ಲ ಕರಾರಿಗೂ ಆ ಪುಟ ಸೇರಿಸೋಣವೇ ಎಂದು ನಮ್ಮ ಕಚೇರಿಯ ಯಜಮಾನರನ್ನು ಕೇಳಿದೆ. "ನಾವೊಬ್ರೇ ಹಾಕಿದ್ರೆ ಗಿರಾಕಿ ಪಕ್ಕದ ಆಫೀಸಿಗೆ ಹೋಗ್ತಾನಮ್ಮ" ಅಂದರು. ಅವರು ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೇ ಮಾಡಲಾಗದ್ದನ್ನು ಎಲ್ಲರಿಗೂ ಒಟ್ಟಿಗೆ ಮಾಡಿಕೊಡುವುದಕ್ಕಲ್ಲವೇ ಮಾದರಿ ಕರಾರು ಇರುವುದು? ಅಚ್ಚಾದ ಸಾಲನ್ನು ಹೊಡೆದುಹಾಕಲು ಯಾರಿಗಾದರೂ ಧೈರ್ಯ ಬೇಕು, ಹಾಗೆಯೇ ಬಿಡಲು ಯಾವ ಧೈರ್ಯವೂ ಬೇಡ. ಹಾಗಿದ್ದ ಮೇಲೆ ಒಳ್ಳೆಯ ಸಾಲೇ ಅಚ್ಚಿನಲ್ಲಿರಲಿ. ಓಡಿ ಹೋಗಿ ಕಾಯಲೇಬೇಕು ಎನ್ನುವವರು ಅದನ್ನು ತಮ್ಮ ಕೈಯಾರೆ ಹೊಡೆದು, ಪಕ್ಕದಲ್ಲಿ ಸಹಿ ಹಾಕಲಿ.

ಇನ್ನೊಂದು ಸಂಗತಿ ತಮಗೆ ತಿಳಿದಿರಲಿಕ್ಕಿಲ್ಲ. ಅಣ್ಣನ ಪ್ರಕರಣ ಈಗ ನೌಕಾ ಕಾಲೇಜಿನಲ್ಲಿ ಪಾಠವಾಗಿದೆ. ಹೆಸರಿಲ್ಲ, ದಿನಾಂಕಗಳಿವೆ. ಕ್ಯಾಪ್ಟನ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಕೊಟ್ಟು, "ತಪ್ಪು ಯಾರದು? ವಿವರಿಸಿ" ಎಂದು ಕೇಳಿದ್ದರು. ಆ ಪರೀಕ್ಷೆ ಬರೆದವರಲ್ಲಿ ಅಣ್ಣನ ಮಗಳೂ ಇದ್ದಳು. "ಕ್ಯಾಪ್ಟನ್‌ನದು" ಎಂದು ಎರಡು ಪುಟ ಬರೆದಳು. ಪೂರ್ತಿ ಅಂಕ ಬಂತು.

ಮುಂದಿನ ತಿಂಗಳು ಅವಳು ಕ್ಯಾಪ್ಟನ್ ಆಗಿ ಮೊದಲ ಹಡಗು ಹತ್ತುತ್ತಾಳೆ. ಕಳೆದ ಭಾನುವಾರ ಮನೆಗೆ ಬಂದಿದ್ದಾಗ ಕೇಳಿದೆ, "ಬಂದರಲ್ಲಿ ಜಾಗ ಇಲ್ಲ ಅಂತ ದಾರೀಲೇ ಗೊತ್ತಾದ್ರೆ ಏನ್ ಮಾಡ್ತೀಯೇ?"

"ಓಡಿಸ್ತೀನಿ ಅತ್ತೆ. ಎಷ್ಟು ಜೋರಾಗಿ ಹೋಗುತ್ತೋ ಅಷ್ಟು. ಹೋಗಿ ಕಾಯ್ತೀನಿ."

ಅಪ್ಪನ ಕಡೆ ನೋಡದೆ ಹೇಳಿದಳು. ಅಣ್ಣ ಕಿತ್ತಳೆ ಸುಲಿಯುತ್ತಿದ್ದ. ಒಂದು ತೊಳೆ ಬಿಡಿಸಿ ಅವಳ ಕೈಗಿಟ್ಟು, "ಸರಿಯಾಗೇ ಹೇಳ್ತಿದಾಳೆ. ಹಾಗೇ ಮಾಡಮ್ಮ" ಅಂದ.

ಕೆಲಸ ಹೋದಾಗಲೂ ಅವನು ತನ್ನದು ತಪ್ಪೆಂದು ಒಪ್ಪಿರಲಿಲ್ಲ, ಮಾನ್ಯರೇ. ಮೊನ್ನೆ ಮಗಳಿಗಾಗಿ ಒಪ್ಪಿಕೊಂಡ.

ಈ ತಿಂಗಳ ಹದಿನಾಲ್ಕಕ್ಕೆ ತಮ್ಮ ಸಮಿತಿ ಸಭೆ ಸೇರುತ್ತದೆ. ಅನುಬಂಧದ ಆ ಕಲಮನ್ನು ಎರಡನೆಯ ಕಲಮಿನ ಜಾಗದಲ್ಲಿ ಇಡಿ. ನಾನು ಕೇಳುವುದು ಇಷ್ಟೇ. ಹದಿನಾರಕ್ಕೆ ನನ್ನ ಮೇಜಿಗೆ ಬರುವ ಕರಾರು ಅವಳ ಹಡಗಿನದು.

ಇಂತಿ,
ಅಣ್ಣನ ಹಡಗಿನ ಕರಾರನ್ನು ಒಂದಕ್ಷರವೂ ತಪ್ಪದೆ ಟೈಪ್ ಮಾಡಿದ ತಂಗಿ