ಒಬ್ಬಳಿಗೇ ಸಿಕ್ಕ ಸೀಟು

ರೀ,

“ಇನ್ಮೇಲೆ ಎರಡನೇ ಸಾಲು ಯಾರು ಹೇಳ್ತಾರೆ?” ಜಡೆ ಹೆಣೆದುಕೊಳ್ಳುತ್ತ ದೊಡ್ಡವಳು ಗೋಡೆಯನ್ನು ಕೇಳಿದಳು. ಅವಳಿಗಳಾಗಿ ಹುಟ್ಟಿ, ದೇವರ ಪದ್ಯವನ್ನೂ ಸಾಲು ಸಾಲಾಗಿ ಹಂಚಿಕೊಂಡ ಮಕ್ಕಳು. ಸೇತುವೆಯಾಚೆಯ ಸರ್ಕಾರಿ ಶಾಲೆಯಲ್ಲಿ ಚೀಟಿ ಎತ್ತಿದಾಗ ತನ್ನೊಬ್ಬಳಿಗೇ ಸೀಟು ಸಿಕ್ಕಿದ್ದು ಅವಳಿಗೆ ಹೇಗೋ ತಿಳಿದಿದೆ. ಚಿಕ್ಕವಳಿಗೆ ಗೊತ್ತಿಲ್ಲ, ಇಬ್ಬರಿಗೂ ಒಂದೇ ಬಣ್ಣದ ಚೀಲ ಬೇಕೆಂದು ಕುಣಿಯುತ್ತಿದ್ದಾಳೆ.

ನಾನು ಆಸ್ಪತ್ರೆ ಕೆಲಸಕ್ಕೆ ಹೊರಟೆ, ಅಲ್ಲಿ ಒಗೆಯಬೇಕಾದ ಹಾಸಿಗೆ ಬಟ್ಟೆ ರಾಶಿ ಬಿದ್ದಿದೆ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಮುಚ್ಚಿಡಿ. ಚಿಕ್ಕವಳ ಕಾಲುಚೀಲ ಹಗ್ಗದ ಮೇಲಿದೆ.

ದೊಡ್ಡವಳನ್ನು ಇವತ್ತೇ ಸೇರಿಸಿಬಿಡಿ, ಕೊನೆಯ ದಿನ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಬೇಡವೆಂದು ಜಗಳವಾಡಿದವಳು ನಾನೇ. ಆದರೆ ಇಬ್ಬರನ್ನೂ ನಮ್ಮ ಬೀದಿಯ ಮೇಷ್ಟ್ರಿಲ್ಲದ ಶಾಲೆಗೆ ನೂಕಿದರೆ ಎರಡು ಕಣ್ಣಿಗೂ ಸುಣ್ಣವೇ.

“ಚಿಕ್ಕವಳಿಗೆ ನೀನೇ ಹೇಳು” ಅಂದಿರಲ್ಲ, ನಾನು ಹೇಳುವುದಿಲ್ಲ.