ವರ್ಷಕ್ಕೆ ನಾಲ್ಕು ಬೆಳೆ

ಮಣ್ಣು ಪರೀಕ್ಷಾ ಕೇಂದ್ರದ ಮೇಲ್ಮಹಡಿ,
ನವೆಂಬರ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಹಡಗಿನಲ್ಲಿ ಕಂಡವರ ನೋವಿಗೆಲ್ಲ ಮದ್ದು ಕೊಡುವ ನರ್ಸಮ್ಮ ತನ್ನ ಮಂಡಿಗೆ ಮಾತ್ರ ‘ನಾಳೆ’ ಎನ್ನುತ್ತಾಳೆಂದು ನನಗೆ ಗೊತ್ತು. ಮುಂದಿನ ಬಂದರಿನಲ್ಲಿ ಈ ಪತ್ರ ಕೈಸೇರುವಷ್ಟರಲ್ಲಿ ಅದು ಇಳಿದಿರಲಿ. ನಾವು ಚೆನ್ನಾಗಿದ್ದೇವೆ. ನನ್ನವಳಿಗೆ ಕೈತುಂಬ ಕೆಲಸ, ಬಾಯ್ತುಂಬ ಬೈಗುಳ. ಬೈಗುಳ ನನಗೇ ಮೀಸಲು.

ಸುದ್ದಿ ನಮ್ಮಿಬ್ಬರ ಮೂರು ಎಕರೆಯದು. ಆರು ವರ್ಷದಿಂದ ಅದನ್ನು ಗುತ್ತಿಗೆಗೆ ಹಿಡಿದಿರುವ ಗಂಡ ಹೆಂಡತಿ ವರ್ಷಕ್ಕೆ ನಾಲ್ಕು ಬೆಳೆ ತೆಗೆಯುತ್ತಾರೆ ಎಂದು ನಿನಗೆ ಬರೆದಿದ್ದೆನಲ್ಲ. ಒಂದನ್ನು ಕಿತ್ತ ಮರುದಿನವೇ ಇನ್ನೊಂದರ ನಾಟಿ. ಕಂಡಾಗಲೆಲ್ಲ ನನಗೆ ಸಂಕಟ. ಕರುವಿಗೂ ಬಿಡದೆ ಹಸುವನ್ನು ಹಿಂಡುವವರ ಹಾಗೆ ಹಿಂಡುತ್ತಿದ್ದಾರೆ, ಇನ್ನೈದು ವರ್ಷಕ್ಕೆ ಅಲ್ಲಿ ಹುಲ್ಲೂ ಹುಟ್ಟದು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಮಂದಿಯ ಮಣ್ಣು ಪರೀಕ್ಷಿಸಿದವನಿಗೆ ಸ್ವಂತ ಮಣ್ಣು ನೋಡಲು ಪುರುಸೊತ್ತಾಗಿರಲಿಲ್ಲ. ಎರಡು ವಾರದ ಹಿಂದೆ ರಜೆ ಹಾಕಿ ಹೋದೆ.

ಮೊದಲು ಪಕ್ಕದವರ ಹೊಲ. ವರ್ಷಕ್ಕೆ ಒಂದೇ ಬೆಳೆ, ಉಳಿದ ತಿಂಗಳು ಬೋಳು ನೆಲ. ಕಬ್ಬಿಣದ ಬಳೆಯನ್ನು ನೆಲಕ್ಕೆ ಹೊಡೆದು, ಒಳಗೆ ಒಂದು ಬಾಟಲಿ ನೀರು ಸುರಿದು, ಇಂಗಲು ಎಷ್ಟು ಹೊತ್ತು ಎಂದು ನೋಡುವುದು ನಮ್ಮ ಪದ್ಧತಿ. ನಲವತ್ತು ನಿಮಿಷವಾದರೂ ನೀರು ಹಾಗೇ ನಿಂತಿತ್ತು. ನಮ್ಮ ಹೊಲದಲ್ಲಿ ಮೂರು ನಿಮಿಷ. ಗಡಿಯಾರ ಕೆಟ್ಟಿದೆಯೆಂದು ಹತ್ತು ಕಡೆ ಸುರಿದೆ. ಎಲ್ಲ ಕಡೆಯೂ ನೆಲ ಗಟಗಟ ಕುಡಿದುಬಿಟ್ಟಿತು.

ಗುಂಡಿ ತೋಡಬೇಕು ಎಂದೆ. ಗಂಡ ಮರುಮಾತಿಲ್ಲದೆ ಎದೆಮಟ್ಟ ಅಗೆದುಕೊಟ್ಟ. ಒಳಗಿಳಿದು ನಿಂತು ಪಕ್ಕದ ಮಣ್ಣನ್ನು ಬೆರಳಿನಿಂದ ಕೆರೆದೆ, ಅಕ್ಕಾ. ನಾವು ಚಿಕ್ಕವರಿದ್ದಾಗ ನಾಲ್ಕು ಬೆರಳು ದಪ್ಪವಿದ್ದ ಕಪ್ಪು ಮಣ್ಣು ಈಗ ಗೇಣು ದಾಟಿದೆ. ಹಿಡಿದರೆ ರವೆಯಂತೆ ಉದುರುತ್ತದೆ. ಎಲ್ಲೆಲ್ಲೂ ಎರೆಹುಳದ ದಾರಿಗಳು. ಬೇರಿನ ಒಂದು ಎಳೆಯನ್ನು ಬೆರಳಲ್ಲಿ ಹಿಂಬಾಲಿಸಿದೆ. ನನ್ನ ಸೊಂಟ ದಾಟಿ, ಪಾದದ ಬಳಿಯೂ ಮುಗಿಯದೆ ಕೆಳಗಿಳಿದಿತ್ತು. ನಾವು ತುಳಿದು ಓಡಾಡಿದ ನೆಲದ ಕೆಳಗೆ ಇಷ್ಟು ದೊಡ್ಡ ಸಂಸಾರ ನಡೆದಿತ್ತೇ! ಇದೆಲ್ಲ ಹೇಗೆ ಎಂದು ಅವನ ಹೆಂಡತಿಯನ್ನು ಕೇಳಿದಾಗ ನನ್ನ ದನಿ ತಾನಾಗಿ ಪಿಸುದನಿಯಾಗಿತ್ತು.

“ಮೂರು ಬುಟ್ಟಿ ಬೆಳೆ ತಗೊಂಡ್ರೆ ಎರಡು ಬುಟ್ಟಿ ಗೊಬ್ಬರ ವಾಪಸ್ ಹಾಕ್ತೀವಿ ಅಣ್ಣಾ,” ಎಂದಳು. “ನೆಲಾನ ಬರಿಮೈಲಿ ಮಾತ್ರ ಒಂದಿನಾನೂ ಬಿಟ್ಟಿಲ್ಲ.”

ಆದರೆ ಬರೀ ಮಣ್ಣು ನೋಡಿ ಷರಾ ಬರೆಯುವಂತಿಲ್ಲ. ಹೊಲದ ಇಳಿಜಾರಿನ ಕೆಳಗಿರುವ ಬಾವಿಯ ನೀರನ್ನೂ ತಂದಿದ್ದೆ. ಗುರುವಾರ ಅದರ ಫಲಿತಾಂಶ ಬಂತು: ಕುಡಿಯುವ ನೀರಿನಲ್ಲಿ ಇರಬಹುದಾದ್ದಕ್ಕಿಂತ ಎರಡರಷ್ಟು ನೈಟ್ರೇಟ್, ಎಳೆಮಕ್ಕಳಿಗೆ ವಿಷ. ಬೆಳೆ ಉಂಡು ಮಿಕ್ಕ ಗೊಬ್ಬರ, ಅಷ್ಟು ಬೇಗ ಇಂಗುವ ಅದೇ ನೀರಿನ ಜೊತೆ ಬಾವಿಗಿಳಿಯುತ್ತಿತ್ತು. ನಾನು ಹೊಗಳಿದ ಗುಣವೇ ಅಲ್ಲಿ ಕುತ್ತಾಗಿತ್ತು.

ಶುಕ್ರವಾರ ಹೋಗಿ ಹೇಳಿದೆ. ಅತಿ ಹೆಚ್ಚು ಗೊಬ್ಬರ ಬೇಡುವ ಬೆಳೆ ಯಾವುದು ಎಂದು ಹೆಂಡತಿ ಕೇಳಿದಳು. ಹೂಕೋಸು ಎಂದೆ. ಅವರ ಕೈಹಿಡಿದಿರುವ ಬೆಳೆಯೇ ಅದು.

“ಹಾಗಾದ್ರೆ ಈ ಹೊಲಕ್ಕೆ ಹೂಕೋಸು ಬೇಡ, ಯಾರೇ ಮಾಡ್ಲಿ,” ಎಂದಳು. “ಆ ಬಾವಿ ನೀರನ್ನ ಮೂರು ಮನೆ ಮಕ್ಕಳು ಕುಡೀತಾರೆ.”

ನಾಟಿಗೆ ಸಿದ್ಧವಿದ್ದ ಸಸಿಗಳನ್ನೆಲ್ಲ ಆಗಲೇ ಗೊಬ್ಬರದ ಗುಂಡಿಗೆ ಹಾಕಿದರು. ಗಂಡ ಆ ಮೂರೂ ಮನೆಗೆ ಹೋಗಿ, ತಪ್ಪು ತಮ್ಮದೆಂದು ಒಪ್ಪಿಕೊಂಡು, ಸದ್ಯಕ್ಕೆ ಕುಡಿಯಲು ಬೇರೆ ನೀರು ತರಲು ಹೇಳಿ ಬಂದ. ಮಿಕ್ಕ ಗೊಬ್ಬರವನ್ನು ಆಳದಿಂದ ಹೀರಿಕೊಳ್ಳಲು ಮೇವಿನ ಜೋಳ ಒಳ್ಳೆಯದು, ಆದರೆ ಕೊಯ್ಲಿಗೆ ಎರಡು ತಿಂಗಳು ಬೇಕು ಎಂದಿದ್ದೆ. ನಿನ್ನೆ ಮೂರೂ ಎಕರೆಗೆ ಅದನ್ನೇ ಬಿತ್ತಿದರು. ನನ್ನ ವರದಿ ಇಷ್ಟೇ: ಹೂಕೋಸು ಬಿಟ್ಟು ಈ ನೆಲ ವರ್ಷಕ್ಕೆ ಮೂರು ಬೆಳೆ ಹೊರುತ್ತದೆ, ಬಾವಿಯನ್ನು ಮಾತ್ರ ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಹಡಗಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಡಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮೆಲ್ಲರ ನಮಸ್ಕಾರ.

ನಿನ್ನ ತಮ್ಮ,
ಪುಟ್ಟು

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಈ ತಿಂಗಳ ಕೊನೆಗೆ ಹೊಲ ಬಿಡಿ ಎಂದು ಹೋದ ತಿಂಗಳೇ ಅವರಿಗೆ ಕಾಗದ ಕೊಟ್ಟಿದ್ದೆ. ನಿನ್ನನ್ನು ಕೇಳದೆ ನಿನ್ನ ಹೆಸರನ್ನೂ ಸೇರಿಸಿದ್ದೆ. ಪರೀಕ್ಷೆಗೆ ಹೋದದ್ದೂ ಅದಕ್ಕೊಂದು ಸಾಕ್ಷಿ ಹುಡುಕಲು. ಗುಂಡಿ ತೋಡಿದ್ದು, ಸಸಿ ಎಸೆದದ್ದು, ತಾವು ಕೊಯ್ಯಲಾಗದ ಬೆಳೆ ಬಿತ್ತಿದ್ದು, ಎಲ್ಲವನ್ನೂ ಅವರು ಆ ಕಾಗದ ಮನೆಯಲ್ಲಿಟ್ಟುಕೊಂಡೇ ಮಾಡಿದ್ದಾರೆ. ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವರ ಹೆಸರಿಗೇ ಹತ್ತು ವರ್ಷದ ಹೊಸ ಕರಾರು ಈ ಪತ್ರದ ಜೊತೆಗಿದೆ. ನನ್ನನ್ನು ಎಷ್ಟು ಬೈಯಬೇಕೋ ಬೈದು, ಸಹಿ ಹಾಕಿ ಕಳಿಸು. ನಾಳೆ ಬೆಳಿಗ್ಗೆ ಹೋಗಿ ಹಳೆಯ ಕಾಗದ ವಾಪಸ್ ಕೇಳುತ್ತೇನೆ.